ಲಿನಕ್ಸ್ ಕಷ್ಟ ಅಂದವರ್ಯಾರು? – ಒಂದು ಹಾರ್ಡ್‌ವೇರ್ ಪುರಾಣ

2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟಿನವರು ವಿಂಡೋಸ್ 10ಕ್ಕೆ ಎಳ್ಳುನೀರು ಬಿಟ್ಟರು. ಮನೆಬಳಕೆಯವರಿಗೆ ಷರತ್ತಿನ ಮೇಲೆ ಇನ್ನೊಂದು ವರ್ಷದ ವಾಯಿದೆ ಕೊಟ್ಟರು, ಆ ಮಾತು ಬೇರೆ. ಹನ್ನೊಂದಕ್ಕೆ ಹೋಗೋಣ ಅಂದ್ರೆ ಟಿಪಿಎಂ 2.0 ಚಿಪ್ ಬೇಕು, ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನ ಮೇಲಿನ ಪ್ರೊಸೆಸರೇ ಬೇಕು. 2016ರಲ್ಲಿ ಕೈತುಂಬಾ ದುಡ್ಡು ಕೊಟ್ಟು ತಂದ ಯಂತ್ರ, ಕೀಬೋರ್ಡಿನ ಒಂದು ಅಕ್ಷರವೂ ಸವೆದಿಲ್ಲ, ಅದು ಅನರ್ಹವಂತೆ! ಆವತ್ತಿಂದ ಡೊಂಬಿವಲಿಯಲ್ಲಿ ನಮ್ಮ ಕನ್ನಡದವರು ಯಾರು ಸಿಕ್ಕರೂ ಒಂದೇ ಪ್ರಶ್ನೆ. "ರಾಯರೇ, ಲಿನಕ್ಸ್ ಹಾಕ್ಬಹುದಾ? ಅದು ಭಾರೀ ಕಷ್ಟ ಅಂತಾರಲ್ಲ ಮಾರಾಯ್ರೆ?"

ಹಾಕಬಹುದು ಅನ್ನೋದು ಚಿಕ್ಕ ಉತ್ತರ. ಆದರೆ ಈ 'ಭಾರೀ ಕಷ್ಟ' ಅನ್ನೋ ಹೆಸರು ಲಿನಕ್ಸಿಗೆ ಹೇಗೆ ಅಂಟಿಕೊಂಡಿತು ಅನ್ನೋದು ದೊಡ್ಡ ಕತೆ. ಜನ ತಿಳ್ಕೊಂಡಿರೋ ಕಾರಣ ಒಂದು, ನಿಜವಾದ ಕಾರಣ ಇನ್ನೊಂದು ಅಂತ ನನ್ನ ಅಭಿಪ್ರಾಯ. ನಾನು ಕಂಪ್ಯೂಟರ್ ಓದಿದವನಲ್ಲ, ಬಿಕಾಂ ಮಾಡಿ ಬ್ಯಾಂಕಿಗೆ ಸೇರಿದವನು. ಆದರೆ ಇಪ್ಪತ್ತು ವರ್ಷಕ್ಕೂ ಮೇಲೆ ಮನೆಯಲ್ಲಿ ಇದನ್ನೇ ಬಳಸಿಕೊಂಡು ಬಂದಿದ್ದೇನೆ. ಆ ಧೈರ್ಯದ ಮೇಲೆ ಬರೀತಿದ್ದೇನೆ.

ಎಲ್ಲರೂ ಹೇಳೋದು ಇಷ್ಟು: ಲಿನಕ್ಸ್ ಅಂದ್ರೆ ಕಪ್ಪು ಪರದೆ, ಕಮ್ಯಾಂಡ್ ಟೈಪ್ ಮಾಡಬೇಕು, ಅದಕ್ಕೇ ಜನ ಹತ್ತಿರ ಬರಲಿಲ್ಲ. ನಾನಿದನ್ನು ಪೂರ್ತಿ ಒಪ್ಪಲ್ಲ. ಬ್ಯಾಂಕುಗಳ ಕಂಪ್ಯೂಟರೀಕರಣಕ್ಕೆ ರಂಗರಾಜನ್ ಸಮಿತಿ ವರದಿ ಕೊಟ್ಟದ್ದು 1984ರಲ್ಲಿ. ಆಮೇಲೆ ತೊಂಬತ್ತರ ದಶಕದಲ್ಲಿ ಎಷ್ಟೋ ಸರಕಾರಿ ಬ್ಯಾಂಕಿನ ಶಾಖೆಗಳಲ್ಲಿ ಬಂದು ಕೂತದ್ದು ಯುನಿಕ್ಸ್. ಲಿನಕ್ಸಿಗೆ ಅದು ದೊಡ್ಡಪ್ಪ ಇದ್ದ ಹಾಗೆ. ನಮ್ಮ ಶಾಖೆಯಲ್ಲೂ ಅದೇ. ಕಪ್ಪು ಪರದೆ, ಹಸಿರು ಅಕ್ಷರ, ಮೌಸ್ ಅನ್ನೋದೇ ಇಲ್ಲ. ರಿಟೈರ್ ಆಗಲು ಮೂರು ವರ್ಷ ಉಳಿದಿದ್ದ ಹೆಡ್ ಕ್ಯಾಷಿಯರ್ ಒಬ್ಬರಿದ್ದರು, ಕ್ಯಾಲ್ಕುಲೇಟರನ್ನೂ ನಂಬದ ಮನುಷ್ಯ. ಲೆಡ್ಜರ್ ಪುಟದ ಕೆಳಗೆ ಪೆನ್ಸಿಲಿನಲ್ಲಿ ಕೂಡಿ ನೋಡಿ ಆಮೇಲೆ ಸಹಿ ಹಾಕೋರು. ಅವರೂ ಹದಿನೈದು ದಿನದಲ್ಲಿ ಆ ಟರ್ಮಿನಲ್ಲಿಗೆ ಒಗ್ಗಿಕೊಂಡರು. ಯಾಕೆ? ಬೇರೆ ಯಾರೋ ಬಂದು ಅದನ್ನು ಕೂರಿಸಿ, ಪ್ರಿಂಟರಿಗೆ ತಂತಿ ಹಾಕಿ, ಪಾಸ್‌ಬುಕ್ ಸರಿಯಾಗಿ ಛಾಪಿಸೋ ತನಕ ಕಾದು, ಹೋಗಿದ್ದರು. ಹೆಡ್ ಕ್ಯಾಷಿಯರ್ ಮಾಡಬೇಕಾಗಿದ್ದದ್ದು ತಮ್ಮ ಕೆಲಸ ಮಾತ್ರ.

ಇನ್ನು ವಿಂಡೋಸ್ 'ಸುಲಭ' ಅನ್ನೋರಿಗೆ ಒಂದು ಪ್ರಶ್ನೆ. ನಿಮ್ಮ ಮೊದಲ ಕಂಪ್ಯೂಟರಿಗೆ ವಿಂಡೋಸ್ ಹಾಕಿದ್ದು ಯಾರು? ಮುಂಬೈಯವರಾದರೆ ಉತ್ತರ ಗೊತ್ತೇ ಇದೆ, ಲ್ಯಾಮಿಂಗ್ಟನ್ ರೋಡಿನ ಹುಡುಗ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು, ನಾಲ್ಕು ಅಂಗಡಿಯಲ್ಲಿ ಕೊಟೇಶನ್ ತಗೊಂಡು, ಕ್ಯಾಬಿನೆಟ್ಟು-ಮದರ್‌ಬೋರ್ಡು ಆರಿಸಿ ಕೊಟ್ಟರೆ ಸಂಜೆಯೊಳಗೆ ಜೋಡಿಸಿಡೋರು. ಗ್ರಾಫಿಕ್ಸಿನ ಸಿಡಿ, ಸೌಂಡಿನ ಸಿಡಿ, ಮೋಡೆಮ್ಮಿನ ಫ್ಲಾಪಿ ಒಂದೊಂದಾಗಿ ಹಾಕಿ, ಏಳೆಂಟು ಸಲ ರೀಸ್ಟಾರ್ಟ್ ಮಾಡಿ, ಕೊನೆಗೆ ನೀಲಿ ಆಕಾಶದ ಚಿತ್ರ ಬಂದಮೇಲೆ ನಿಮ್ಮ ಕೈಗೆ. ಆ ವಿಂಡೋಸಿಗೆ ಲೈಸೆನ್ಸ್ ಇತ್ತೋ ಇಲ್ಲವೋ ಕೇಳೋರು ಯಾರು! ಹಾಗಾಗಿ 'ಲಿನಕ್ಸ್ ಪುಕ್ಕಟೆ' ಅನ್ನೋ ಮಾತಿಗೆ ನಮ್ಮಲ್ಲಿ ಬೆಲೆಯೇ ಬರಲಿಲ್ಲ. ಎರಡೂ ಪುಕ್ಕಟೆಯೇ ಆಗಿತ್ತಲ್ಲ.

ಲಿನಕ್ಸಿಗೆ ಬಂದ ಹೊಸಬನಿಗೆ ಈ ಲ್ಯಾಮಿಂಗ್ಟನ್ ರೋಡಿನ ಹುಡುಗ ಇರಲಿಲ್ಲ. ಅವನ ಕೆಲಸವೂ ಇವನ ತಲೆಗೇ ಬಿತ್ತು. ಅದೂ ಡ್ರೈವರ್ ಸಿಡಿ ಇಲ್ಲದೆ. ಕಷ್ಟ ಅಂದದ್ದು ಇದಕ್ಕೆ.

ಹಿಂದಿನಿಂದ ಶುರುಮಾಡೋಣ. ಈ ಸ್ವತಂತ್ರ ತಂತ್ರಾಂಶದ ಚಳವಳಿ ಹುಟ್ಟಿದ್ದೇ ಒಂದು ಪ್ರಿಂಟರಿನಿಂದ ಅಂದರೆ ನಂಬ್ತೀರಾ? 1980ರ ಸುಮಾರಿಗೆ ಅಮೆರಿಕದ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಪ್ರಿಂಟರ್ ಬಂತು. ಹಳೇ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಹಾಕಿಕೊಂಡರೆ ಕಾಯ್ತಾ ಇರೋರಿಗೆಲ್ಲ ಸುದ್ದಿ ಹೋಗೋ ಹಾಗೆ ರಿಚರ್ಡ್ ಸ್ಟಾಲ್‌ಮನ್ ಅದರ ಪ್ರೋಗ್ರಾಂ ತಿದ್ದಿದ್ದರು. ಹೊಸದಕ್ಕೂ ಹಾಗೇ ಮಾಡೋಣ ಅಂದರೆ ಅದರ ಮೂಲ ಪ್ರೋಗ್ರಾಂ ಕೊಡಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಒಬ್ಬರ ಹತ್ತಿರ ಅದಿದೆ ಅಂತ ಕೇಳಿ ಅಲ್ಲಿಗೇ ಹೋದರೆ, 'ಯಾರಿಗೂ ಕೊಡಲ್ಲ ಅಂತ ಬರೆದುಕೊಟ್ಟಿದ್ದೀನಿ' ಅನ್ನೋ ಉತ್ತರ. ಆ ಸಿಟ್ಟು ಒಳಗೊಳಗೇ ಬೆಳೆದು 1983ರ ಸೆಪ್ಟೆಂಬರಿನಲ್ಲಿ ಗ್ನೂ ಯೋಜನೆಯ ಘೋಷಣೆಗೆ ದಾರಿಯಾಯಿತು. ಸಿದ್ಧಾಂತ, ತತ್ವ ಎಲ್ಲ ಆಮೇಲೆ. ಮೊದಲಿಗಿದ್ದದ್ದು ಕಾಗದ ಸಿಕ್ಕಿಹಾಕಿಕೊಂಡ ಪ್ರಿಂಟರು.

ಎರಡನೇ ಅಧ್ಯಾಯ 1991ರ ಆಗಸ್ಟ್ 25. ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಮಿನಿಕ್ಸ್ ಬಳಸೋರ ಗುಂಪಿಗೆ ಒಂದು ಕಾಗದ ಬರೆದ. ಹವ್ಯಾಸಕ್ಕೆ ಒಂದು ಆಪರೇಟಿಂಗ್ ಸಿಸ್ಟಂ ಮಾಡ್ತಿದ್ದೇನೆ ಅಂತ. ಅದರ ಕೊನೆಯಲ್ಲಿ ಇನ್ನೊಂದು ಮಾತು ಹೇಳಿದ್ದ, ಅದನ್ನು ಹೆಚ್ಚು ಜನ ನೆನೆಯೋದಿಲ್ಲ. ಇದು ಎಟಿ ಹಾರ್ಡ್ ಡಿಸ್ಕ್ ಬಿಟ್ಟು ಬೇರೆ ಯಾವುದಕ್ಕೂ ಪ್ರಾಯಶಃ ಎಂದೂ ಹೊಂದಲಿಕ್ಕಿಲ್ಲ, ಯಾಕಂದ್ರೆ ನನ್ನ ಹತ್ತಿರ ಇರೋದು ಅದೊಂದೇ ಅಂತ. ಲಿನಕ್ಸಿನ ಮುಂದಿನ ಇಡೀ ಜಾತಕ ಇದರಲ್ಲೇ ಇದೆ ನೋಡಿ. ಯಾರ ಮನೆಯಲ್ಲಿ ಯಾವ ಯಂತ್ರ ಇದೆಯೋ ಅವರು ಅದಕ್ಕೆ ಡ್ರೈವರ್ ಬರೆದರು. ಯಾರ ಮನೆಯಲ್ಲೂ ಇಲ್ಲದ್ದಕ್ಕೆ ಡ್ರೈವರೂ ಇಲ್ಲ. ವಿಂಡೋಸಿಗೆ ಹಾಗಲ್ಲ, ಯಂತ್ರ ಮಾಡಿದ ಕಂಪನಿಯೇ ಡ್ರೈವರ್ ಬರೆದು ಡಬ್ಬಿಯೊಳಗೆ ಇಟ್ಟು ಕಳಿಸೋದು. ಹೆಣ್ಣಿನ ಜೊತೆ ಬಳುವಳಿ ಬಂದ ಹಾಗೆ.

ಆ ದಶಕದಲ್ಲಿ ನಮ್ಮ ದೇಶದಲ್ಲಿ ಲಿನಕ್ಸ್ ಮನೆಮನೆಗೆ ಬಂದದ್ದು 'ಪಿಸಿ ಕ್ವೆಸ್ಟ್' ಪತ್ರಿಕೆಯ ಸಿಡಿಯಲ್ಲಿ. ಫೋನ್ ಬಿಲ್ಲಿನ ಲೆಕ್ಕದಲ್ಲಿ ಇಂಟರ್ನೆಟ್ ನೋಡ್ತಿದ್ದ ಕಾಲದಲ್ಲಿ ಆರುನೂರು ಎಂಬಿ ಇಳಿಸಿಕೊಳ್ಳೋ ಮಾತೇ ಇರಲಿಲ್ಲ. ಸಿಡಿ ಹಾಕಿ ಇನ್‌ಸ್ಟಾಲ್ ಮಾಡೋರಿಗೆ ಮೊದಲ ಪರೀಕ್ಷೆ ಎಕ್ಸ್‌ಫ್ರೀ86, ಅಂದರೆ ಪರದೆಯ ಮೇಲೆ ಚಿತ್ರ ತೋರಿಸೋ ವ್ಯವಸ್ಥೆ. ಅದು ಕೇಳ್ತಿದ್ದ ಪ್ರಶ್ನೆ: ನಿಮ್ಮ ಮಾನಿಟರಿನ ಅಡ್ಡ ಸಿಂಕ್ ಎಷ್ಟು ಕಿಲೋಹರ್ಟ್ಸ್? ಲಂಬ ರಿಫ್ರೆಶ್ ಎಷ್ಟು ಹರ್ಟ್ಸ್? ತಪ್ಪು ಕೊಟ್ಟರೆ ಮಾನಿಟರ್ ಹಾಳಾದೀತು ಅನ್ನೋ ಎಚ್ಚರಿಕೆ ಬೇರೆ! ತಿಂಗಳ ಸಂಬಳ ಸುರಿದು ತಂದ ಮಾನಿಟರ್ ಸ್ವಾಮಿ ಅದು. ಮ್ಯಾನುಯಲ್ ಹುಡುಕಿ, ಕೊನೇ ಪುಟದಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿರೋ ಅಂಕಿ ನೋಡಿ, ದೇವರ ಮೇಲೆ ಭಾರ ಹಾಕಿ ಎಂಟರ್ ಒತ್ತಬೇಕು.

ಇದೆಲ್ಲ ಸುಧಾರಿಸಬೇಕು ಅಂತ ಹೊರಟವರು ಇರಲಿಲ್ಲ ಅಂತಲ್ಲ. 1996ರ ಅಕ್ಟೋಬರಿನಲ್ಲಿ ಮಥಿಯಾಸ್ ಎಟ್ರಿಶ್ ಕೆಡಿಇ ಶುರುಮಾಡಿದ, ಮಾರನೇ ವರ್ಷ ಮಿಗೆಲ್ ಡಿ ಇಕಾಜಾ ಮತ್ತು ಗೆಳೆಯರು ಗ್ನೋಮ್ ಶುರುಮಾಡಿದರು. 1998ರಲ್ಲಿ ಮ್ಯಾಂಡ್ರೇಕ್ ಬಂತು. 1999ರ ಕಾಲ್ಡೆರಾದ ಇನ್‌ಸ್ಟಾಲರಿನಲ್ಲಿ ಫೈಲುಗಳು ಏರ್ತಾ ಇರುವಾಗ ಟೆಟ್ರಿಸ್ ಆಡಬಹುದಿತ್ತು! ಸ್ಟಾರ್ಟ್ ಮೆನು, ಟಾಸ್ಕ್‌ಬಾರ್, ಮರುಬಳಕೆ ಬುಟ್ಟಿ ಎಲ್ಲ ಬಂದವು. ಅಂದರೆ 2000ನೇ ಇಸವಿ ಹೊತ್ತಿಗೇ ಲಿನಕ್ಸಿನ ಮುಖ ನೋಡೋಕೆ ವಿಂಡೋಸ್ ತರಾನೇ ಇತ್ತು. ಕಪ್ಪು ಪರದೆ ಹೋಗಿ ಎಷ್ಟೋ ಕಾಲ ಆಗಿತ್ತು. ಆದರೂ ಹೊಸಬರು ವಾರದೊಳಗೆ ಬಿಟ್ಟು ಓಡಿಹೋಗ್ತಿದ್ದರು. ಯಾಕೆ ಅಂದ್ರೆ ಮೋಡೆಮ್.

ಈ ಮೋಡೆಮ್ಮಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಮೊದಲಿನ ಮೋಡೆಮ್‌ಗಳು ಹೊರಗೆ ಇಡೋ ಡಬ್ಬಿಗಳು, ಸೀರಿಯಲ್ ಪೋರ್ಟಿಗೆ ಚುಚ್ಚೋದು. ಅದರೊಳಗೆ ಅದರದೇ ಒಂದು ಚಿಪ್ ಇದ್ದು ಫೋನಿನ ಶಬ್ದವನ್ನು ಅಂಕಿಗಳಾಗಿ ಮಾಡಿಕೊಡೋದು. ಅದಕ್ಕೆ ಯಾವ ಆಪರೇಟಿಂಗ್ ಸಿಸ್ಟಂ ಆದರೂ ಒಂದೇ. ತೊಂಬತ್ತರ ದಶಕದ ಕೊನೆಗೆ ಕಂಪನಿಗಳು ಲೆಕ್ಕ ಹಾಕಿದವು. ಕಂಪ್ಯೂಟರಿನ ಪ್ರೊಸೆಸರ್ ಈಗ ಚುರುಕಾಗಿದೆ, ಮೋಡೆಮ್ಮಿನ ಕೆಲಸವನ್ನೂ ಅದರ ಕೈಲೇ ಮಾಡಿಸಿದರೆ ಆ ಚಿಪ್ಪಿನ ಖರ್ಚು ಉಳಿಯಿತಲ್ಲ! ಹಾಗೆ ಬಂದದ್ದು ಒಳಗೆ ಕೂರುವ ಅಗ್ಗದ ಕಾರ್ಡು, ಅದಕ್ಕೆ ವಿನ್‌ಮೋಡೆಮ್ ಅನ್ನೋದೇ ರೂಢಿಯ ಹೆಸರಾಯಿತು. ಅದರಲ್ಲಿ ಅರ್ಧ ಮೋಡೆಮ್ ಮಾತ್ರ ಇರೋದು. ಇನ್ನರ್ಧ ಇರೋದು ವಿಂಡೋಸಿನ ಡ್ರೈವರಿನಲ್ಲಿ. ಆ ಅರ್ಧ ಹೇಗೆ ಕೆಲಸ ಮಾಡುತ್ತೆ ಅಂತ ಹೊರಗಿನವರಿಗೆ ಹೇಳೋದಿಲ್ಲ. ಲಿನಕ್ಸ್ ಹಾಕಿದರೆ ಆ ಕಾರ್ಡು ಬರೀ ಒಂದು ತಗಡು.

ಇದರ ವಿಪರ್ಯಾಸ ನೋಡಿ. ಪರಿಹಾರ ಏನಿದ್ದರೂ ಇಂಟರ್ನೆಟ್ಟಿನಲ್ಲಿದೆ, ಇಂಟರ್ನೆಟ್ಟಿಗೆ ಹೋಗೋಕೆ ಮೋಡೆಮ್ ಬೇಕು, ಮೋಡೆಮ್ ಏಳಬೇಕಾದ್ರೆ ಪರಿಹಾರ ಬೇಕು. ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ ಅಂದ ಹಾಗೆ. ನಾನು ಮತ್ತು ನನ್ನ ಸಹೋದ್ಯೋಗಿಯೊಬ್ಬರು ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಡ್ರೈವರ್ ಇಳಿಸಿ, ಫ್ಲಾಪಿಯಲ್ಲಿ ತಂದು, ಮನೆಯಲ್ಲಿ ಹಾಕಿದರೆ 'ಇದಕ್ಕೆ ಇನ್ನೊಂದು ಪ್ಯಾಕೇಜ್ ಬೇಕು' ಅನ್ನೋದು. ಅದನ್ನು ತರೋಕೆ ಮತ್ತೆ ಕೆಫೆಗೆ. ಅದಕ್ಕೆ ಮಗದೊಂದು ಬೇಕು. ಶ್ರಾವಣದ ನಾಲ್ಕೂ ಶನಿವಾರ ಹೀಗೇ ಕಳೆದವು. ಕೊನೆಗೆ ನಾವಿಬ್ಬರೂ ದುಬಾರಿಯಾದರೂ ಹೊರಗಿಡೋ ಸೀರಿಯಲ್ ಮೋಡೆಮ್ ತಂದೆವು. ಐದು ನಿಮಿಷದಲ್ಲಿ ಕಿರ್ರ್ ಅಂತ ಡಯಲ್ ಆಯಿತು. ನಡುವೆ ಬದಲಾದದ್ದು ಲಿನಕ್ಸ್ ಅಲ್ಲ, ನಾವೂ ಅಲ್ಲ, ಮೋಡೆಮ್ ಮಾತ್ರ.

ಇದೇ ಆಟ ಆಮೇಲೆ ವೈಫೈಯಲ್ಲಿ ಮರುಕಳಿಸಿತು. ಬ್ರಾಡ್‌ಕಾಮ್ ಕಂಪನಿಯ ವೈಫೈ ಚಿಪ್ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಇತ್ತು, ವಿವರ ಮಾತ್ರ ಹೊರಗೆ ಬಿಡ್ತಿರಲಿಲ್ಲ. ಕೆಲವರು ಆ ಚಿಪ್ಪಿನ ವಿಂಡೋಸ್ ಡ್ರೈವರನ್ನೇ ಎನ್‌ಡಿಐಎಸ್‌ವ್ರ್ಯಾಪರ್ ಅನ್ನೋ ಸುತ್ತುಬಟ್ಟೆಯೊಳಗೆ ಕಟ್ಟಿ ಲಿನಕ್ಸಿನಲ್ಲಿ ಓಡಿಸಿದರು. ಇನ್ನು ಕೆಲವರು ಆ ಚಿಪ್ಪಿನ ಗುಟ್ಟು ಬಿಡಿಸಿ ಡ್ರೈವರ್ ಬರೆದರು, 2006ರ ಜೂನಿನಲ್ಲಿ ಅದು ಕರ್ನೆಲ್ಲಿಗೆ ಸೇರಿತು. ಕಂಪನಿ ತಾನಾಗಿ ಮುಕ್ತ ಡ್ರೈವರ್ ಕೊಟ್ಟದ್ದು 2010ರಲ್ಲಿ. 2007ರ ಜನವರಿಯಲ್ಲಿ ಗ್ರೆಗ್ ಕ್ರೋಹಾರ್ಟ್‌ಮನ್ ಅನ್ನೋ ಕರ್ನೆಲ್ ತಜ್ಞ ಯಂತ್ರ ಮಾಡೋ ಕಂಪನಿಗಳಿಗೆಲ್ಲ ಒಂದು ಬಹಿರಂಗ ಮಾತು ಕೊಟ್ಟಿದ್ದ. ನೀವು ವಿವರ ಕೊಡಿ ಸಾಕು, ಡ್ರೈವರ್ ನಾವು ಬಿಟ್ಟಿ ಬರೆದುಕೊಡ್ತೇವೆ ಅಂತ. ಬಿಟ್ಟಿ ಕೆಲಸಕ್ಕೂ ಕೈ ಮುಗಿದು ಕೇಳಬೇಕಾದ ಸ್ಥಿತಿ! ಅದೇ ವರ್ಷ ಸೆಪ್ಟೆಂಬರಿನಲ್ಲಿ ಎಎಂಡಿ ತನ್ನ ಗ್ರಾಫಿಕ್ಸ್ ಚಿಪ್ಪುಗಳ ದಾಖಲೆ ಬಿಡೋಕೆ ಶುರುಮಾಡಿತು. ಎನ್‌ವಿಡಿಯಾ ಮಾತ್ರ ಬಿಗಿ. 2012ರಲ್ಲಿ ಫಿನ್ಲೆಂಡಿನ ಒಂದು ಸಭೆಯಲ್ಲಿ ಲೀನಸ್ ಕ್ಯಾಮರಾದ ಮುಂದೆಯೇ ಆ ಕಂಪನಿಗೆ ಯಾವ ಬೆರಳು ತೋರಿಸಿದ ಅಂತ ಇಲ್ಲಿ ಬರೆಯೋದು ಬೇಡ :) ಅವರು ಕರ್ನೆಲ್ ಭಾಗದ ಕೋಡ್ ತೆರೆದದ್ದು 2022ರ ಮೇ ತಿಂಗಳಲ್ಲಿ.

ಹೊಸಬರ ದೃಷ್ಟಿಯಿಂದ ನನಗೆ ಎಲ್ಲಕ್ಕಿಂತ ದೊಡ್ಡ ಉಪಕಾರ ಅನ್ನಿಸೋದು ಜರ್ಮನಿಯ ಕ್ಲಾಸ್ ಕ್ನೋಪರ್ ಮಾಡಿದ್ದು. 2000ದಲ್ಲಿ ಹೊರಬಂದ ಅವನ ಕ್ನೋಪಿಕ್ಸ್ ಸಿಡಿಯನ್ನು ಇನ್‌ಸ್ಟಾಲ್ ಮಾಡೋದೇ ಬೇಡ, ಸಿಡಿಯಿಂದಲೇ ಓಡ್ತದೆ. ಹಾರ್ಡ್ ಡಿಸ್ಕ್ ಮುಟ್ಟದೆ ಸೌಂಡ್, ಗ್ರಾಫಿಕ್ಸ್, ನೆಟ್‌ವರ್ಕ್ ತಾನೇ ಹುಡುಕಿಕೊಳ್ತದೆ. ಸಾಲ ಮಂಜೂರು ಮಾಡೋ ಮೊದಲು ಜಾಗ ನೋಡಿಕೊಂಡು ಬಂದ ಹಾಗೆ. ಯಂತ್ರ ಒಗ್ಗುತ್ತದೋ ಇಲ್ಲವೋ ಮೊದಲೇ ಗೊತ್ತಾಗಿಬಿಡೋದು. 2004ರ ಅಕ್ಟೋಬರಿನಲ್ಲಿ ಉಬುಂಟು ಬಂದು, ಕೇಳಿದವರಿಗೆಲ್ಲ ಸಿಡಿಯನ್ನು ಅಂಚೆಯಲ್ಲಿ ಮನೆಗೇ ಕಳಿಸೋಕೆ ಶುರುವಾಯಿತು. ಒಂದು ಪೈಸೆ ಇಲ್ಲ. 2011ರ ತನಕ ಆ ಪದ್ಧತಿ ಇತ್ತು. 2006ರ ಜೂನ್ ಆವೃತ್ತಿಯಿಂದ ಅದೇ ಸಿಡಿಯಲ್ಲಿ ಮೊದಲು ಓಡಿಸಿ ನೋಡಿ ಅಲ್ಲಿಂದಲೇ ಇನ್‌ಸ್ಟಾಲ್ ಮಾಡೋ ಸೌಕರ್ಯವೂ ಬಂತು. ನಮ್ಮ ಪೋಸ್ಟ್‌ಮ್ಯಾನ್ ಆ ಲಕೋಟೆ ಕೊಡುವಾಗ ಇಷ್ಟೊಂದು ಸಿಡಿ ಯಾವ ಸಿನಿಮಾದ್ದು ಅಂತ ಕೇಳಿದ್ದು ಇನ್ನೂ ನೆನಪಿದೆ.

ಒಂದು ವಿಚಿತ್ರ ಏನಂದ್ರೆ, ಎಷ್ಟೋ ತೊಡಕುಗಳು ಬಗೆಹರಿದದ್ದು ಲಿನಕ್ಸಿನವರ ಹೋರಾಟದಿಂದಲೂ ಅಲ್ಲ. ಬ್ರಾಡ್‌ಬ್ಯಾಂಡ್ ಬಂದಮೇಲೆ ಮೋಡೆಮ್ ಮತ್ತೆ ಹೊರಗಿನ ಡಬ್ಬಿಯಾಯಿತು, ಈಥರ್ನೆಟ್ ತಂತಿ ಚುಚ್ಚಿದರೆ ಮುಗೀತು. ಯುಎಸ್‌ಬಿ ಡ್ರೈವ್, ಕೀಬೋರ್ಡ್, ಮೌಸ್‌ಗಳಿಗೆ ಎಲ್ಲ ಕಂಪನಿಯವರೂ ಪಾಲಿಸೋ ಒಂದೇ ಭಾಷೆ ಇತ್ತು, ಅವೂ ಸಲೀಸಾದವು. ಪ್ರಿಂಟರಿನದ್ದು ಇನ್ನೂ ಮಜ. ನಮ್ಮ ಮನೆಗೆ 2007ರಲ್ಲಿ ತಂದ ಪುಟ್ಟ ಲೇಸರ್ ಪ್ರಿಂಟರ್, ಕಂಪನಿ ಹೆಸರು ಬೇಡ, ಪ್ರತಿ ಸಲ ಸ್ವಿಚ್ ಹಾಕಿದಾಗಲೂ ಕಂಪ್ಯೂಟರಿನಿಂದ ಅದರೊಳಗೆ ಫರ್ಮ್‌ವೇರ್ ಅನ್ನೋ ಪ್ರೋಗ್ರಾಂ ತುಂಬಬೇಕಿತ್ತು, ಇಲ್ಲದಿದ್ದರೆ ಮಿಸುಕುತ್ತಿರಲಿಲ್ಲ. ದಿನಾ ಬೆಳಿಗ್ಗೆ ಕಾಫಿ ಕೊಟ್ಟು ಎಬ್ಬಿಸೋ ಹಾಗೆ! ಆಮೇಲೆ ಬಂದವು ಫೋನುಗಳು. ಫೋನಿಗೆ ಡ್ರೈವರ್ ಸಿಡಿ ಹಾಕೋದೆಲ್ಲಿಗೆ? 2010ರಲ್ಲಿ ಆಪಲ್ ಕಂಪನಿ ಏರ್‌ಪ್ರಿಂಟ್ ತಂದಿತು, ಡ್ರೈವರ್ ಇಲ್ಲದೆ ಛಾಪಿಸೋ ಪದ್ಧತಿ ಹರಡಿತು. ಲಿನಕ್ಸಿನ ಮುದ್ರಣ ವ್ಯವಸ್ಥೆಯಾದ ಕಪ್ಸ್ ಕೂಡ ಅದೇ ದಾರಿ ಹಿಡಿಯಿತು. ಈಗಿನ ಹೆಚ್ಚಿನ ವೈಫೈ ಪ್ರಿಂಟರುಗಳನ್ನು ಲಿನಕ್ಸ್ ತಾನೇ ಕಂಡುಹಿಡಿಯುತ್ತೆ. ಸ್ಟಾಲ್‌ಮನ್ ಜಗಳ ಶುರುವಾದದ್ದು ಪ್ರಿಂಟರಿನಿಂದ, ಅದು ಅರ್ಧ ತೀರಿದ್ದು ಫೋನಿನಿಂದ.

ಲಿನಕ್ಸಿನವರದ್ದೂ ತಪ್ಪಿಲ್ಲ ಅಂತಲ್ಲ. ಸರಿಯಾಗಿ ನಡೀತಿದ್ದದ್ದನ್ನು ಕೆಡಿಸೋದರಲ್ಲಿ ಅವರೂ ಕಡಿಮೆ ಏನಿಲ್ಲ. 2008ರ ಜನವರಿಯ ಕೆಡಿಇ 4.0 ಪೂರ್ತಿ ಬೇಯದೆ ಬಡಿಸಿದ ಅನ್ನ. ಅದೇ ಸಮಯಕ್ಕೆ ಪಲ್ಸ್ಆಡಿಯೋ ಬಂದು ಎಷ್ಟೋ ಮನೆಗಳಲ್ಲಿ ಹಾಡು ನಿಂತಿತು. 2011ರಲ್ಲಿ ಗ್ನೋಮ್ 3 ಬಂದು ಟಾಸ್ಕ್‌ಬಾರನ್ನೇ ಎತ್ತಿಬಿಟ್ಟಿತು. ಡೆಬಿಯನ್ನಿನವರು ತತ್ವಕ್ಕಾಗಿ ಮುಕ್ತವಲ್ಲದ ಫರ್ಮ್‌ವೇರನ್ನು ಅಧಿಕೃತ ಸಿಡಿಯಲ್ಲಿ ಇಡ್ತಿರಲಿಲ್ಲ. ತತ್ವ ಸರಿ, ಆದರೆ ಅದರಿಂದ ಹೊಸಬನ ವೈಫೈ ಏಳ್ತಿರಲಿಲ್ಲ. 2022ರಲ್ಲಿ ಮತ ಹಾಕಿ ನಿಯಮ ಬದಲಿಸಿ, 2023ರ ಡೆಬಿಯನ್ 12ರಿಂದ ಅದನ್ನೂ ಒಳಗೆ ಸೇರಿಸಿದರು.

ನಾನು ಹೇಳಿದ್ದಕ್ಕೆ ಸಾಕ್ಷಿ ಬೇಕಾದರೆ 2007ರ ಅಕ್ಟೋಬರಿನ ಆಸುಸ್ ಈ-ಪಿಸಿ ನೋಡಿ. ಏಳಿಂಚಿನ ಪುಟ್ಟ ಲ್ಯಾಪ್‌ಟಾಪು, 512 ಎಂಬಿ ಮೆಮೊರಿ, ಒಳಗೆ ಲಿನಕ್ಸ್. ಕಂಪನಿಯೇ ಎಲ್ಲ ಡ್ರೈವರ್ ಕೂರಿಸಿ ಕೊಟ್ಟಿತ್ತು, ಜನ ತೆಗೆದುಕೊಂಡರು, ಬಳಸಿದರು. ಲಿನಕ್ಸ್ ಅನ್ನೋ ಹೆಸರೇ ಗೊತ್ತಿಲ್ಲದವರೂ. ಮೈಕ್ರೋಸಾಫ್ಟಿನವರು ಮುದಿ ಎಕ್ಸ್‌ಪಿಗೆ ಮರುಜೀವ ಕೊಟ್ಟು, ಇಂಥ ಚಿಕ್ಕ ಯಂತ್ರಗಳಿಗಾಗಿ ಅದರ ಮಾರಾಟ ಮುಂದುವರಿಸಿದ್ದು 2008ರಲ್ಲಿ. ಇನ್ನು ಆಂಡ್ರಾಯ್ಡ್ ಫೋನಿನ ಬುಡದಲ್ಲಿರೋದೂ ಲಿನಕ್ಸ್ ಕರ್ನೆಲ್ಲೇ. ಊರಲ್ಲಿ ನಮ್ಮ ಅತ್ತೆ, ವಯಸ್ಸು 82, ದಿನಾ ಅದರಲ್ಲಿ ಭಜನೆ ಕೇಳ್ತಾರೆ. ಕಷ್ಟ ಅಂತ ಹೇಳಿದ್ದು ಕೇಳಿಲ್ಲ.

ಕನ್ನಡದ ಮಾತು ಬಿಟ್ಟರೆ ನೀವು ಬೈತೀರಿ. ಲಿನಕ್ಸ್ ಹುಟ್ಟಿದ 1991ರಲ್ಲೇ ಯುನಿಕೋಡಿನ ಮೊದಲ ಆವೃತ್ತಿ ಬಂತು, ಅದರಲ್ಲಿ ಕನ್ನಡ ಇತ್ತು. ಆದರೆ ಸಂಕೇತ ಇದ್ದರೆ ಸಾಲದು, ಒತ್ತಕ್ಷರ ಸರಿಯಾಗಿ ಕೂರಿಸೋರು ಬೇಕಲ್ಲ. ಲಿನಕ್ಸಿನಲ್ಲಿ ಆ ಕೆಲಸ ಮಾಡಿದ್ದು ಪ್ಯಾಂಗೋ. 'ಎಲ್ಲ' ಅನ್ನೋ ಗ್ರೀಕ್ ಪದಕ್ಕೆ 'ಭಾಷೆ' ಅನ್ನೋ ಜಪಾನೀ ಪದ ಸೇರಿಸಿ ಇಟ್ಟ ಹೆಸರು. ಕೇದಗೆ, ಮಲ್ಲಿಗೆ ಅನ್ನೋ ಮುಕ್ತ ಅಕ್ಷರಶೈಲಿಗಳು ಬಂದವು, ಆಮೇಲೆ ಲೋಹಿತ್. ಆದರೂ ಫೈರ್‌ಫಾಕ್ಸಿನ ಹಳೇ ಆವೃತ್ತಿಗಳಲ್ಲಿ ಪ್ಯಾಂಗೋವನ್ನು ಬೇರೆಯಾಗಿ ಚಾಲೂ ಮಾಡದಿದ್ದರೆ ಒತ್ತಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಬರಹ, ನುಡಿ ಎರಡೂ ಆಗ ಇದ್ದದ್ದು ವಿಂಡೋಸಿಗೆ. ಅದಕ್ಕಾಗಿಯೇ ವಿಂಡೋಸ್ ಬಿಡಲಾರದ ಕನ್ನಡಿಗರು ಎಷ್ಟೋ ಮಂದಿ. ಹಾಗಂತ ವಿಂಡೋಸ್ ಏನು ತಟ್ಟೆಯಲ್ಲಿಟ್ಟು ಕೊಟ್ಟಿರಲಿಲ್ಲ, ಎಕ್ಸ್‌ಪಿಯಲ್ಲಿ ಕನ್ನಡ ಸರಿಯಾಗಿ ಕಾಣಬೇಕಾದ್ರೆ ಮೂಲ ಸಿಡಿ ಹಾಕಿ ಬೇರೆ ಲಿಪಿಗಳ ಸೌಲಭ್ಯ ಸೇರಿಸಬೇಕಿತ್ತು. ಈಗ ಲಿನಕ್ಸಿನ ಕೀಬೋರ್ಡ್ ಸೆಟ್ಟಿಂಗಿನಲ್ಲಿ ಕನ್ನಡ ಹುಡುಕಿ, ಕಗಪ ವಿನ್ಯಾಸ ಅಲ್ಲೇ ಇದೆ. ನುಡಿಯಲ್ಲಿ ಬೆರಳು ಪಳಗಿದವರಿಗೆ ಮತ್ತೇನೂ ಕಲಿಯೋದಿಲ್ಲ. ಈ ಲೇಖನ ಟೈಪ್ ಮಾಡಿದ್ದೂ ಹಾಗೇ.

ಈಗ ಹಾಕಬೇಕು ಅನ್ನೋರಿಗೆ ನಾಲ್ಕು ಮಾತು. ಮೊದಲು ನಿಮ್ಮ ಫೈಲುಗಳನ್ನು ಹೊರಗಿನ ಡ್ರೈವಿಗೆ ನಕಲು ಮಾಡಿಕೊಳ್ಳಿ. ಉಬುಂಟು ಅಥವಾ ಮಿಂಟನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದ ಶುರುಮಾಡಿ, ಇನ್‌ಸ್ಟಾಲ್ ಗುಂಡಿ ಒತ್ತಬೇಡಿ. ವೈಫೈ, ಸೌಂಡ್, ಕ್ಯಾಮರಾ, ಬ್ಲೂಟೂತ್, ನಿಮ್ಮ ಪ್ರಿಂಟರ್ ಒಂದೊಂದೇ ನೋಡಿ. ಲ್ಯಾಪ್‌ಟಾಪ್ ಮುಚ್ಚಿ ನಿದ್ದೆ ಮಾಡಿಸಿ, ಎಬ್ಬಿಸಿ ನೋಡಿ, ಇದನ್ನು ತುಂಬ ಜನ ಮರೀತಾರೆ. 2012ರಿಂದ ಈಚಿನ ಯಂತ್ರಗಳಲ್ಲಿ ಸೆಕ್ಯೂರ್ ಬೂಟ್ ಅನ್ನೋ ಬೀಗ ಇರುತ್ತೆ, ದೊಡ್ಡ ಹೆಸರಿನ ಲಿನಕ್ಸ್‌ಗಳು ಅದನ್ನು ದಾಟಿ ಏಳ್ತವೆ, ಹೆದರಬೇಡಿ. ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್ ಇಂಥದ್ದರ ಮೇಲೆ ನಿಮ್ಮ ವ್ಯಾಪಾರ ನಿಂತಿದ್ದರೆ ಮೊದಲು ಅದನ್ನು ವಿಚಾರಿಸಿಕೊಂಡು ಆಮೇಲೆ ಕೈ ಹಾಕಿ. ಬೇಕಿದ್ದರೆ ಒಂದು ಯಂತ್ರದಲ್ಲಿ ವಿಂಡೋಸ್ ಇರಲಿ, ಮಹಾಪಾಪವೇನಲ್ಲ.

ನಮ್ಮ ಸಂಘದ ವಾಚನಾಲಯದಲ್ಲಿ ಹನ್ನೊಂದಕ್ಕೆ ಅನರ್ಹವಾದ ಯಂತ್ರ ಮೂರು ಇದ್ದವು, ಎರಡು ಡೆಸ್ಕ್‌ಟಾಪು, ಸದಸ್ಯರೊಬ್ಬರು ದಾನ ಕೊಟ್ಟ ಒಂದು ಲ್ಯಾಪ್‌ಟಾಪು. ಗುಜರಿಗೆ ಹಾಕೋಣ ಅಂತ ಕಮಿಟಿಯಲ್ಲಿ ಮಾತು ಬಂದಿತ್ತು. ಮೂರಕ್ಕೂ ಮಿಂಟ್ ಹಾಕಿದೆವು, ಒಂದು ಭಾನುವಾರ ಮಧ್ಯಾಹ್ನದ ಕೆಲಸ. ಮಕ್ಕಳು ಮೊದಲ ದಿನವೇ ಆಟ ಹುಡುಕಿಕೊಂಡರು. ಹಿರಿಯರು ಊರಿನ ಪೇಪರ್ ಓದ್ತಾರೆ. ಲ್ಯಾಪ್‌ಟಾಪಿನ ಬೆರಳಚ್ಚು ಓದುವ ಚಿಪ್ ಒಂದು ಮಾತ್ರ ಏಳಲಿಲ್ಲ. ಅದರ ವಿವರ ಮಾಡಿದ ಕಂಪನಿ ಬಿಟ್ಟುಕೊಟ್ಟಿಲ್ಲ, ಬೇರೆ ಯಾರೂ ಇನ್ನೂ ಬಿಡಿಸಿಲ್ಲ. ವಾಚನಾಲಯ ನೋಡಿಕೊಳ್ಳೋ ಶೆಟ್ರು ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದು ಕನ್ನಡಕದ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾರೆ.